ನಡವಳಿ ಪುಸ್ತಕದಲ್ಲಿ ನನ್ನ ಹೆಸರು

ಹಾಸನದಲ್ಲಿ ಕಾನೂನು ಓದುವ ಅಕ್ಕನ ಮಗಳು ಮೊನ್ನೆ ನಮ್ಮ ಕಾಫಿ ಕಣದ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಒಂದು ಪುಟ ತೋರಿಸಿದಳು. ಇಂಗ್ಲೆಂಡಿನ ಪಾರ್ಲಿಮೆಂಟಿನ ಒಬ್ಬ ಸದಸ್ಯ ಯಾವ ದಿನ ಎದ್ದು ನಿಂತ, ಯಾವ ವಿಷಯಕ್ಕೆ ಏನು ಹೇಳಿದ, ಎಲ್ಲ ಸಾಲುಸಾಲಾಗಿ ಇತ್ತು.

"ಚಿಕ್ಕಮ್ಮಾ, ನೀವೂ ಐದು ವರ್ಷ ಪಂಚಾಯ್ತಿ ಮೆಂಬರಾಗಿದ್ರಲ್ಲ, ನಿಮ್ದೂ ಹಿಂಗೆ ಎಲ್ಲಾದ್ರೂ ಐತಾ?" ಎಂದು ನಕ್ಕಳು.

ಕೇಳಿಸದವಳಂತೆ ಒಣಗಲು ಹರಡಿದ್ದ ಕಾಫಿ ತಿರುವಲು ಹೋದೆ. ಇದೆ. ಪಂಚಾಯ್ತಿಯ ನಡವಳಿ ಪುಸ್ತಕದಲ್ಲಿ.

ನಮ್ಮಲ್ಲಿ ಸಭೆಯೆಂದರೆ ಮೊದಲು ಸಹಿ, ಆಮೇಲೆ ಖಾರಾಬಾತು, ಆಮೇಲೆ ಮಾತು. ಪ್ರತಿ ನಿರ್ಣಯಕ್ಕೂ ಒಬ್ಬರು ಸೂಚಕರು, ಒಬ್ಬರು ಅನುಮೋದಕರು ಬೇಕು. ಸುಮ್ಮನೆ ಕೂತವರ ಹೆಸರುಗಳನ್ನು ಕಾರ್ಯದರ್ಶಿಗಳು ಸರದಿಯಂತೆ ಬರೆದುಕೊಳ್ಳುತ್ತಿದ್ದರು. ಸುಮ್ಮನೆ ಕೂರುವುದರಲ್ಲಿ ನಾನೇ ಮುಂದು.

ಒಂದು ಸಲ, ಎಸ್ಟೇಟ್ ಲೈನಿನ ಕೆಲಸದವರ ಸಾಲುಮನೆಗಳಿಗೆ ಬರಬೇಕಿದ್ದ ನೀರಿನ ಪೈಪನ್ನು ಹೋಂಸ್ಟೇಗಳ ರಸ್ತೆಗೆ ತಿರುಗಿಸುವ ವಿಷಯ ಬರುವುದಿತ್ತು. ನಮ್ಮ ತೋಟಕ್ಕೆ ಕಾಫಿ ಹಣ್ಣು ಕುಯ್ಯಲು ಬರುವ ಲೈನಿನ ಹೆಂಗಸು ಹಿಂದಿನ ದಿನವೇ ಹೇಳಿದ್ದಳು: "ಅಕ್ಕಾ, ಹಳ್ಳದಿಂದ ನೀರು ಹೊತ್ತೂ ಹೊತ್ತೂ ಸೊಂಟ ಬಿದ್ದೋಗೈತೆ. ನೀವೊಂದು ಮಾತು ಆಡ್ಬುಡಿ."

ಆಡುತ್ತೇನೆ ಎಂದಿದ್ದೆ. ವಿಷಯ ಬಂದಾಗ ಅಧ್ಯಕ್ಷರು ನನ್ನ ಕಡೆ ನೋಡಿದರು. ಅವರು ನಮ್ಮ ಯಜಮಾನರ ಭಾವ. ಅವರದೂ ಒಂದು ಹೋಂಸ್ಟೇ ಇತ್ತು. ನಾನು ತಟ್ಟೆಯಲ್ಲಿ ಕರಿಬೇವು ಆರಿಸುತ್ತಾ ಕೂತೆ. ಸಂಜೆ ಅವಳು ಬಂದು ಕೇಳಿದಾಗ, "ಹೇಳ್ದೆ ಕಣಮ್ಮ, ಯಾರೂ ಕೇಳ್ಲಿಲ್ಲ" ಎಂದುಬಿಟ್ಟೆ.

ಗ್ರಾಮಸಭೆಯ ದಿನ ಕಾರ್ಯದರ್ಶಿಗಳು ನಿರ್ಣಯಗಳನ್ನು ಮೈಕಿನಲ್ಲಿ ಓದಿದರು. ಪೈಪ್ ತಿರುಗಿಸುವುದಕ್ಕೆ ಅನುಮೋದಕರು ನಾನು! ಹಿಂದಿನಿಂದ ಯಾರೋ "ಭಲೇ ಮೆಂಬರಮ್ಮ, ಚೆನ್ನಾಗ್ ಹೇಳಿದೀರಿ ಬುಡಿ" ಎಂದರು. ಮುಂದೆ ಕೂತಿದ್ದ ಲೈನಿನ ಹೆಂಗಸು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದಳು.

ಮುಂದಿನ ಸಭೆಯಲ್ಲಿ ಖಾರಾಬಾತು ಮುಟ್ಟಲಿಲ್ಲ. ಎದ್ದು ನಿಂತೆ.

"ನನ್ನ ಕೇಳ್ದೆ ನನ್ನೆಸ್ರು ಯಾಕ್ರೀ ಬರ್ದ್ರಿ? ತೆಗೀರಿ ಅದನ್ನ."

"ಕೂತ್ಕೊ ಮಾರಾಯ್ತಿ, ಬರ್ದಿದ್ದು ಬರ್ದಾಯ್ತು," ಎಂದರು ಅಧ್ಯಕ್ಷರು.

ಕೂತೆ.

ಪೈಪಿನ ವಿಷಯವನ್ನೇ ಮತ್ತೆ ಎತ್ತಬಹುದಿತ್ತಲ್ಲ ಎಂದು ಹೊಳೆದದ್ದು ಮನೆಗೆ ಬಂದು ಅಕ್ಕಿ ತೊಳೆಯುವಾಗ. ಐದು ವರ್ಷದಲ್ಲಿ ಬಾಯಿ ಬಿಟ್ಟದ್ದು ಒಂದೇ ಸಲ, ಅದೂ ನನ್ನ ಹೆಸರು ಉಳಿಸಿಕೊಳ್ಳುವುದಕ್ಕೆ. ಲೈನಿನ ಹೆಂಗಸರು ಈಗಲೂ ಹಳ್ಳಕ್ಕೇ ಹೋಗುತ್ತಾರೆ. ದಾರಿ ನಮ್ಮ ಗೇಟಿನ ಮುಂದೆಯೇ. ಆ ಹೊತ್ತಿಗೆ ನಾನು ಏನಾದರೊಂದು ಕೆಲಸ ಹುಡುಕಿಕೊಂಡು ಹಿತ್ತಲ ಕಡೆ ಇರುತ್ತೇನೆ.