ಹಣ್ಣಾದ ಹುಳುವೂ ಹರಳೆಣ್ಣೆಯೂ

ಆ ದಿನ ಹುಳು ಹಣ್ಣಾಗಿದ್ದವು. ಲಕ್ಕೂರಿನ ಹತ್ತಿರದ ನಮ್ಮ ಮನೆಯಲ್ಲಿ ನಾನೂ ನಮ್ಮ ಯಜಮಾನರೂ ಬೆಳಗಿನಿಂದ ಅವನ್ನು ಆಯ್ದು, ಗೂಡು ಕಟ್ಟಲೆಂದು ಬಿದಿರಿನ ತಟ್ಟಿಯ ಚಂದ್ರಿಕೆಗೆ ಬಿಡುತ್ತಿದ್ದೆವು. ಗೂಡು ಕಟ್ಟುವ ಮುಂಚೆ ರೇಷ್ಮೆಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕುತ್ತದೆ. ಆಗ ಬೆಳಕಿಗೆ ಹಿಡಿದರೆ ಮೈ ಗಾಜಿನಂತೆ ಕಾಣುತ್ತದೆ; ಅದಕ್ಕೇ ಹಣ್ಣಾಗುವುದು ಅನ್ನುತ್ತೇವೆ. ಯಜಮಾನರು ಒಂದೊಂದನ್ನೂ ಕಿಟಕಿಯ ಕಡೆ ಹಿಡಿದು, "ಇದು ಆಯ್ತು, ಇದಿನ್ನೂ ಇಲ್ಲ" ಅನ್ನುತ್ತಿದ್ದರು. ಸಂಜೆ ಕೈ ತೊಳೆಯುತ್ತಾ, ಕೆಲವು ವಾರಗಳಿಂದ ಬಯಲಿಗೆ ಹೋದಾಗ ರಕ್ತ ಬೀಳುತ್ತಿದೆ ಎಂದರು.

ಮಾಲೂರಿನ ಡಾಕ್ಟರು ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ, ತುದಿಯಲ್ಲಿ ಬೆಳಕಿರುವ ಬಳುಕುವ ಕೊಳವೆಯನ್ನು ಕೆಳಗಿನಿಂದ ಹಾಕಿ ದೊಡ್ಡ ಕರುಳನ್ನು ಕಣ್ಣಾರೆ ನೋಡುತ್ತಾರಂತೆ. ಎಂಬತ್ತರ ದಶಕದಲ್ಲಿ ನಮ್ಮ ಕಡೆ ಯಾರೂ ಅಂಥದ್ದನ್ನು ಕೇಳಿರಲಿಲ್ಲ. ಕರುಳು ಚೊಕ್ಕಟವಾಗಿರದಿದ್ದರೆ ರಕ್ತ ಎಲ್ಲಿಂದ ಬರುತ್ತಿದೆ ಎಂದು ಕಾಣುವುದಿಲ್ಲ ಎಂದು ಅಲ್ಲಿನ ಡಾಕ್ಟರು ಹರಳೆಣ್ಣೆಯ ಬಾಟಲಿ ಕೊಟ್ಟರು. ಹಿಂದಿನ ದಿನ ಊಟ ಕೂಡದು, ನೀರಿನಂಥದ್ದು ಮಾತ್ರ. ಕೊನೆಗೆ ಹೋಗುವುದು ತಿಳಿನೀರಾಗಿರಬೇಕು.

"ಅಂದ್ರೆ ನಾನೂ ಹಣ್ಣಾಗ್ಬೇಕು ಅನ್ನು," ಎಂದರು ಯಜಮಾನರು, ಬಸ್ಸಿನಲ್ಲಿ.

ಅತ್ತೆಗೆ ಆ ಬಾಟಲಿಯ ಮೇಲೆ ನಂಬಿಕೆ ಬರಲಿಲ್ಲ. ಮೂಸಿ ನೋಡಿ, "ಇದ್ರಲ್ಲಿ ವಾಸ್ನೇನೇ ಇಲ್ವಲ್ಲೇ. ನಾನು ಮನೇಲಿ ಕಾಯ್ಸಿದ ಎಣ್ಣೆ ಕುಡ್ದು ಬೆಳ್ದೋನು ಅವ್ನು," ಎಂದರು. ಆದರೂ ಬಾಟಲಿಯದನ್ನೇ ಹಾಲಿಲ್ಲದ ಕಾಫಿಗೆ ಬೆರೆಸಿಕೊಟ್ಟೆ. ಯಜಮಾನರು ಮೂಗು ಹಿಡಿದು ಕುಡಿದರು.

ಸಂಜೆಯ ಹೊತ್ತಿಗೆ ಬಯಲಿಗೂ ಮನೆಗೂ ನಡೆದು ಸೋತ ಮಗನನ್ನು ನೋಡಲಾರದೆ ಅತ್ತೆ ಒಂದು ಚೆಂಬು ರಾಗಿ ಅಂಬಲಿ ತಂದರು.

"ಊಟ ಬೇಡ ಅಂದವ್ರೆ ಕಣಮ್ಮ."

"ಲೇ, ಅಂಬ್ಲಿ ಊಟ ಏನ್ಲಾ? ನೀರಲ್ವಾ ಅದು. ಹೊಲದಾಗೆ ಬಾಯಾರಿದ್ರೆ ಏನ್ ಕುಡೀತೀಯ ಮತ್ತೆ?"

ನನಗೂ ಸರಿಯೆನಿಸಿತು. ನಮ್ಮಲ್ಲಿ ಅಂಬಲಿಯನ್ನು ಯಾರೂ ಊಟ ಅನ್ನುವುದಿಲ್ಲ.

ಮರುದಿನ ಬೆಂಗಳೂರಿನಲ್ಲಿ ಕೊಳವೆ ಹಾಕಿದ ಡಾಕ್ಟರು ಸ್ವಲ್ಪ ಹೊತ್ತಿಗೇ ಹೊರಗೆ ಬಂದರು. ಒಳಗೆಲ್ಲ ಕೆಸರು ಮೆತ್ತಿದ ಹಾಗಿದೆ, ಏನೂ ಕಾಣುತ್ತಿಲ್ಲ, ಏನು ತಿಂದರು ಎಂದು ಕೇಳಿದರು. ಏನೂ ತಿಂದಿಲ್ಲ, ಅಂಬಲಿ ಕುಡಿದರು ಎಂದೆ. ಡಾಕ್ಟರು ನಕ್ಕುಬಿಟ್ಟರು. ಯಜಮಾನರನ್ನು ವಾರ್ಡಿನಲ್ಲೇ ಉಳಿಸಿಕೊಂಡು ಮತ್ತೆ ಹರಳೆಣ್ಣೆ ಕೊಟ್ಟರು, ಎನಿಮಾ ಕೊಟ್ಟರು. ಕುಡಿಯಲು ಎಳನೀರು, ಸಕ್ಕರೆ ನೀರು, ಅಷ್ಟೇ.

ಈ ಸಲ ಅವರು ಪ್ರತಿಸಲ ಹೋಗಿ ಬಂದು ನನಗೆ ಹೇಳುತ್ತಿದ್ದರು. "ಇನ್ನೂ ಇಲ್ಲ ಕಣೇ." ಬಹಳ ಹೊತ್ತಾದ ಮೇಲೆ, "ಆಯ್ತು. ತಿಳಿನೀರು." ಹುಳು ಆಯುವಾಗಿನ ದನಿಯೇ.

ಮತ್ತೆ ಕೊಳವೆ ಹಾಕಿ, ಅದರ ಈಚೆ ತುದಿಗೆ ಕಣ್ಣಿಟ್ಟು ಡಾಕ್ಟರು ನೋಡುವಾಗ, "ನಂಗೂ ಒಂದ್ಸಲ ತೋರ್ಸಿ ಸಾರ್," ಎಂದರಂತೆ ಯಜಮಾನರು. ಡಾಕ್ಟರು ತೋರಿಸಿದರು ಎಂದು ನರ್ಸಮ್ಮ ನಗುತ್ತಾ ಹೇಳಿದರು. ಹೊರಗೆ ಕರೆತಂದಾಗ ಯಜಮಾನರಿಗೆ ಇಂಜೆಕ್ಷನ್ನಿನ ಮಂಪರು.

"ನೋಡ್ದೆ ಕಣೇ," ಎಂದರು.

"ಹೆಂಗಿತ್ತು?"

"ನಿದ್ದೆ ಬರ್ತಾ ಐತೆ, ಆಮೇಲೆ ಹೇಳ್ತೀನಿ. ನೀನು ಊರಿಗೋಗು, ಅಮ್ಮ ಒಬ್ಳೇ ಹೊಸ ಹುಳಕ್ಕೆ ಸೊಪ್ಪು ಹಾಕೋಕಾಗಲ್ಲ."

ಹೋದೆ. ವಾಪಸು ಬರುವಷ್ಟರಲ್ಲಿ ಅವರನ್ನು ಆಪರೇಷನ್‌ಗೆ ಕರೆದೊಯ್ದಿದ್ದರು. ಕರುಳಿನಲ್ಲಿ ಗಂಟಿತ್ತು, ತಡಮಾಡುವಂತಿರಲಿಲ್ಲವಂತೆ. ಆಮೇಲೆ ಅವರಿಗೆ ಎಚ್ಚರವಾಗಲಿಲ್ಲ.

ಗಂಟು ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಎಂದು ಡಾಕ್ಟರು ಬಿಡಿಸಿ ಹೇಳಿದರು. ಯಜಮಾನರಿಗೆ ತಮ್ಮೊಳಗೆ ಏನು ಕಂಡಿತೆಂದು ನನಗೆ ಇನ್ನೂ ಗೊತ್ತಿಲ್ಲ.