ಅಪ್ಪ ತಂದ ಹಸಿರು ಮರಿ

ಹೋಳಿ ಹಬ್ಬಕ್ಕೆ ಎರಡು ದಿನವಿರುವಾಗ ವಸಂತ್ ಕುಂಜ್‌ನ ನಮ್ಮ ಫ್ಲ್ಯಾಟಿನ ಕೆಳಗೆ ಆ ಸದ್ದು ಕೇಳಿತು. ಒಂದು ಮರಿಯ ಚೀಂವ್ ಚೀಂವ್ ಅಲ್ಲ; ಎಷ್ಟೋ ಸಣ್ಣ ಗಂಟಲುಗಳು ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಒಟ್ಟಿಗೆ ಕೂಗುವ, ದೂರದಿಂದ ಕೇಳಿದರೆ ಯಾರೋ ಎಣ್ಣೆಯಲ್ಲಿ ಏನನ್ನೋ ಕರಿಯುತ್ತಿರುವಂತೆ ಅನ್ನಿಸುವ ಸದ್ದು. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಸೈಕಲ್ಲಿನ ಕ್ಯಾರಿಯರ್ ಮೇಲೆ ಪೆಟ್ಟಿಗೆ, ಅದರ ಬಾಯಿಗೆ ಬಲೆ, ಒಳಗೆ ಗುಲಾಬಿ, ನೀಲಿ, ಹಸಿರು ಬಣ್ಣದ ಕೋಳಿಮರಿಗಳು. ನೀವೂ ಯಾವುದಾದರೂ ಪೇಟೆಯಲ್ಲಿ ಇವನ್ನು ನೋಡಿರಬಹುದು. ಒಮ್ಮೆಯಾದರೂ ಕೈಯಲ್ಲಿ ಹಿಡಿದಿದ್ದರೆ ಆ ಬಿಸಿಯನ್ನೂ, ಅಂಗೈಗೆ ತಾಗುವ ಆ ಪುಟ್ಟ ಎದೆಯ ಓಟವನ್ನೂ ಮರೆತಿರಲಾರಿರಿ.

ನನ್ನ ಬಾಲ್ಯ ಕಳೆದದ್ದು ಇದೇ ರಾಜಧಾನಿ ನಗರದ ಮುನಿರ್ಕಾದಲ್ಲಿ, ಮೂರನೆಯ ಮಹಡಿಯ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ. ಆ ಕಟ್ಟಡ ಈಗಿಲ್ಲ. ಅದರ ಜಾಗದಲ್ಲಿ ಎದ್ದ ಪೇಯಿಂಗ್ ಗೆಸ್ಟ್ ಹಾಸ್ಟೆಲ್ಲಿನ ಮುಂದೆ ನಿಂತು ನಮ್ಮ ಕಿಟಕಿ ಎಲ್ಲಿತ್ತೆಂದು ಲೆಕ್ಕ ಹಾಕಿ ಸೋತಿದ್ದೇನೆ. ಅಪ್ಪ ಸೇನೆಯ ಕಚೇರಿಯಲ್ಲಿ ಸುಬೇದಾರರಾಗಿದ್ದರು. ಹೋಳಿ ಬಂದರೆ ಅವರು ಕಟ್ಟಡದ ಮಕ್ಕಳಿಗೆಲ್ಲ ಬಣ್ಣದ ಮರಿಗಳನ್ನು ತಂದು ಹಂಚುತ್ತಿದ್ದರು. ಕೊಡಗಿನಿಂದ ಬಂದ ನಮಗೆ ಹೋಳಿ ಊರಿನ ಹಬ್ಬವೇನಲ್ಲ. ಆದರೂ ಪಂಜಾಬಿ, ಬಿಹಾರಿ, ಮಲಯಾಳಿ ಮಕ್ಕಳೆಲ್ಲ ಅಂದು ಬೆಳಿಗ್ಗೆ ನಮ್ಮ ಬಾಗಿಲಲ್ಲೇ ಸೇರುತ್ತಿದ್ದರು. ಸಮವಸ್ತ್ರದಲ್ಲಿ ಅಷ್ಟು ಬಿಗಿಯಾಗಿರುತ್ತಿದ್ದ ಅಪ್ಪ ಅಂದು ಬನಿಯನ್ನಿನಲ್ಲಿ ಮೆಟ್ಟಿಲ ಮೇಲೆ ಕುಳಿತು, ಯಾರ ಕೈ ಮೆತ್ತಗಿದೆ ಎಂದು ಮುಟ್ಟಿ ನೋಡಿ ಮರಿ ಕೊಡುತ್ತಿದ್ದರು.

ಅಮ್ಮನಿಗೆ ಇದು ಸೇರುತ್ತಿರಲಿಲ್ಲ. ಹಾಗೆಂದು ನಾವೇನೂ ಸಸ್ಯಾಹಾರಿಗಳಲ್ಲ, ಭಾನುವಾರ ತಪ್ಪದೆ ಕೋಳಿಸಾರು ಇರುತ್ತಿತ್ತು. ಅಪ್ಪ ಅದನ್ನೇ ಹಿಡಿದು ಛೇಡಿಸಿದರೆ ಅಮ್ಮನದು ಒಂದೇ ಉತ್ತರ: “ಸಾಕಿ ತಿನ್ನೋದು ಬೇರೆ. ತಾಯಿ ಇಲ್ಲದ್ದಕ್ಕೆ ಬಣ್ಣ ಬಳಿದು ಮಕ್ಕಳ ಕೈಗೆ ಆಟಕ್ಕೆ ಕೊಡೋದು ಬೇರೆ.” ಆದರೆ ಮೂರನೆಯ ದಿನಕ್ಕೆ ಮರಿಗಳು ತೂಕಡಿಸತೊಡಗಿದಾಗ ಮಕ್ಕಳು ಓಡಿಬರುತ್ತಿದ್ದುದು ಅಮ್ಮನ ಬಳಿಗೇ. ಅಪ್ಪನ ಹೆಸರು ಬರೆದಿದ್ದ ಕಪ್ಪು ಟ್ರಂಕಿನಲ್ಲಿ ಗೋಣಿ ಹಾಸಿ, ಬಲ್ಬು ಇಳಿಬಿಟ್ಟು, ಅಮ್ಮ ಅವಕ್ಕೆ ಶಾಖ ಕೊಡುತ್ತಿದ್ದಳು. ಉಳಿಯದವನ್ನು ಯೂನಿವರ್ಸಿಟಿಯ ಹಿಂದಿನ ಕಾಡಿಗೆ ಬಿಟ್ಟುಬಂದೆ ಎನ್ನುತ್ತಿದ್ದಳು. ಆ ಕಾಡಿನ ತುಂಬ ಗುಲಾಬಿ, ನೀಲಿ ಕೋಳಿಗಳು ಓಡಾಡುತ್ತಿವೆ ಎಂದು ನಾನು ಬಹಳ ದಿನ ನಂಬಿದ್ದೆ.

ಒಂದು ಮಾತ್ರ ನಿಜವಾಗಿ ಬದುಕಿತ್ತು. ಅಪ್ಪ ನನಗೆ ಕೊಟ್ಟ ಹಸಿರು ಮರಿ. ಬೆಳೆದು ಬಿಳಿ ಕೋಳಿಯಾಗಿ ತಾರಸಿಯಲ್ಲಿ ನನ್ನ ಹಿಂದೆಯೇ ತಿರುಗುತ್ತಿತ್ತು. ನನ್ನ ಡೈರಿಗಳಲ್ಲಿ ಎಲ್ಲೆಲ್ಲೋ ಹಾಗೇ ಬರೆದಿದ್ದೇನೆ, ಬಿಳಿ ಕೋಳಿ ಎಂದು.

ಈಗ ನನ್ನ ಮಗಳು ಇಂಚರ ಫ್ಲ್ಯಾಟಿನ ಅದೇ ಬಾಲ್ಕನಿಯಿಂದ ಕೆಳಗೆ ನೋಡಿ, ಒಂದು ಮರಿ ಬೇಕೆಂದು ನನ್ನ ಹಿಂದೆ ಬಿದ್ದಳು. “ಅಮ್ಮ, ಬಸ್ ಏಕ್. ನಾನೇ ನೋಡ್ಕೋತೀನಿ, ಪಕ್ಕಾ.” ನಾನು ಓದಿಕೊಂಡವಳ ಹಾಗೆ ವಿವರಿಸಿದೆ. ಮೊಟ್ಟೆಯಿಡದ ಗಂಡುಮರಿಗಳು ಬೇಡವೆಂದು ಹೀಗೆ ಮಾರಿಬಿಡುತ್ತಾರೆ, ಬಣ್ಣದಲ್ಲಿ ಅದ್ದುವಾಗಲೇ ಅವಕ್ಕೆ ಶೀತವಾಗುತ್ತದೆ, ಹೆಚ್ಚಿನವು ವಾರ ಕಳೆಯುವುದಿಲ್ಲ. ಅವಳ ಮುಖ ಬಾಡಿತು. ಅದನ್ನು ನೋಡಲಾರದೆ, ಸಮಾಧಾನಕ್ಕೆಂದು ನನ್ನ ಹಸಿರು ಮರಿಯ ಕತೆ ಹೇಳಿಬಿಟ್ಟೆ.

“ನಿಂದು ಬದುಕ್ತು ನಾ? ತೋ ನಂದೂ ಬದುಕತ್ತೆ,” ಎಂದು ಅವಳು ಚಪ್ಪಲಿ ಹಾಕಿಕೊಳ್ಳತೊಡಗಿದಳು.

ಊಟದ ಮೇಜಿನ ಬಳಿ ಬಟಾಣಿ ಬಿಡಿಸುತ್ತಿದ್ದ ನನ್ನ ಅಮ್ಮ ತಲೆಯೆತ್ತಲಿಲ್ಲ. “ಅದು ಬದುಕಲಿಲ್ಲ ಪುಟ್ಟಿ,” ಎಂದಳು.

ಅಪ್ಪ ಮರಿ ತಂದ ಮೂರನೆಯ ಬೆಳಿಗ್ಗೆ, ನಾನು ಏಳುವ ಮೊದಲೇ ಅದು ಟ್ರಂಕಿನಲ್ಲಿ ಸೆಟೆದು ಬಿದ್ದಿತ್ತಂತೆ. ಅಪ್ಪ ಡ್ಯೂಟಿಗೆ ಹೋಗಿಯಾಗಿತ್ತು. ಹಿಂದಿನ ಗಲ್ಲಿಯಲ್ಲಿ ನಾಟಿಕೋಳಿ ಸಾಕಿದ್ದ ಮುದುಕಿಯೊಬ್ಬಳ ಹತ್ತಿರ ಅಮ್ಮ ಅಷ್ಟೇ ದೊಡ್ಡ ಮರಿಯೊಂದನ್ನು ಕೇಳಿ ತಂದಳು. ತಾಯಿಯ ರೆಕ್ಕೆಯಡಿಯಿಂದ ಎತ್ತಿ ತಂದದ್ದು. ಮಿಠಾಯಿಗೆ ಹಾಕುವ ಹಸಿರು ಬಣ್ಣವನ್ನು ಬಿಸಿನೀರಿನಲ್ಲಿ ಕದಡಿ ಅದನ್ನು ತಾನೇ ಅದ್ದಿದಳು. ಅದು ಒಂದೇ ಸಮ ಕೂಗಿತು, ಬಟ್ಟೆಯಲ್ಲಿ ಸುತ್ತಿ ಬಲ್ಬಿನ ಕೆಳಗೆ ಹಿಡಿದುಕೊಂಡಿದ್ದೆ ಎಂದಳು. ಆಮೇಲೆ ಬಂದ ಗರಿಗಳು ಬಿಳಿಯಲ್ಲ, ಕೆಂಪಂತೆ. ಬಿಳಿ ಎಂದು ನನಗೆ ಯಾರು ಹೇಳಿದರೋ ಗೊತ್ತಿಲ್ಲ.

“ಅಪ್ಪನಿಗೂ ಗೊತ್ತಾಗಲಿಲ್ಲವೆ?” ಎಂದು ಕೇಳಿದೆ.

“ನಿಮ್ಮಪ್ಪನಿಗೆ ಕೋಳಿಯ ಗುರುತು ಇದ್ದದ್ದು ತಟ್ಟೆಯಲ್ಲಿ ಮಾತ್ರ.”

ನಾವಿಬ್ಬರೂ ನಕ್ಕೆವು. ನಗು ನಿಂತ ಮೇಲೆ ಅಮ್ಮ ಇನ್ನೊಂದು ಮಾತು ಹೇಳಿದಳು. ಆ ವರ್ಷ ಅಪ್ಪ ತಂದದ್ದು ನನಗೊಂದೇ ಮರಿ. ಅದು ಬದುಕಿತಲ್ಲ ಎಂಬ ಧೈರ್ಯಕ್ಕೇ ಮರುವರ್ಷದಿಂದ ಕಟ್ಟಡಕ್ಕೆಲ್ಲ ತರತೊಡಗಿದರು. ಚೆನ್ನಾಗಿ ನೋಡಿಕೊಂಡರೆ ಬದುಕುತ್ತವೆ, ನಮ್ಮ ಮನೆಯಲ್ಲೇ ಇದೆಯಲ್ಲ ಎನ್ನುತ್ತಿದ್ದರಂತೆ. “ಅಷ್ಟೂ ಮರಿಗಳು ನನ್ನಿಂದ ಹೋದವು,” ಎಂದಳು ಅಮ್ಮ.

ಮೊದಲ ವರ್ಷ ಒಂದೇ ಮರಿ ಇದ್ದದ್ದು ಆಗ ನನಗೂ ನೆನಪಾಯಿತು. ಅಥವಾ ಅಮ್ಮ ಹೇಳಿದ್ದರಿಂದ ನೆನಪಾದಂತೆ ಅನ್ನಿಸಿತು. ಮೆಟ್ಟಿಲ ಮೇಲೆ ಕುಳಿತ ಅಪ್ಪನನ್ನು ಇನ್ನು ಹೇಗೆ ಬರೆಯಲಿ? ಅವರ ಪ್ರೀತಿ ಸುಳ್ಳಲ್ಲ. ಅಮ್ಮನದಂತೂ ಅಲ್ಲವೇ ಅಲ್ಲ. ಆದರೂ ಪ್ರತಿ ಹೋಳಿಯಲ್ಲಿ ಮರಿಗಳು ಸತ್ತವು.

ಇಂಚರ ಚಪ್ಪಲಿ ಕಳಚಿ ಅಜ್ಜಿಯ ಪಕ್ಕ ಕುಳಿತಿದ್ದಳು. “ತಾತನಿಗೆ ಯಾಕೆ ಹೇಳಲಿಲ್ಲ?”

ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದಳಂತೆ ಅಮ್ಮ. ಕಳೆದ ವರ್ಷ ಆಸ್ಪತ್ರೆಯಲ್ಲಿ, ಅಪ್ಪನ ಕೊನೆಯ ವಾರ, ಮಂಚದ ಪಕ್ಕ ನಿಂತು ಗ್ಲೂಕೋಸ್ ಸರಿಪಡಿಸುತ್ತಿದ್ದ ನರ್ಸ್ ಹುಡುಗಿಗೆ ಅವರು ಆ ಕೋಳಿಯ ಕತೆ ಹೇಳುತ್ತಿದ್ದರು. ಬಜಾರಿನ ಬಣ್ಣದ ಮರಿ, ನನ್ನ ಮಗಳ ಕೈಯಲ್ಲಿ ಬದುಕಿ ಮೊಟ್ಟೆಯನ್ನೂ ಇಟ್ಟಿತು ಎಂದು ಹಿಂದಿಯಲ್ಲಿ, ಉಸಿರು ಹಿಡಿದು ಹಿಡಿದು. ಆ ಹುಡುಗಿಗೆ ನಂಬಿಕೆ ಬರಲಿಲ್ಲ. ನಿಜವೇ ಎನ್ನುವಂತೆ ಅಮ್ಮನ ಕಡೆ ನೋಡಿದಳು. ಅಪ್ಪನೂ ನೋಡಿದರು.

“ಹೌದಮ್ಮ, ಬದುಕಿತ್ತು ಅಂದೆ,” ಎಂದಳು ಅಮ್ಮ.