ದಸರೆಯಿಂದ ದೀಪಾವಳಿಯವರೆಗಿನ ಒಂದನೆಯ ತರಗತಿ

ಶಾಲೆಯ ವರ್ಷ ಜೂನ್ ತಿಂಗಳಲ್ಲಿ ಆರಂಭವಾಗುತ್ತದೆಂದು ಇಲಾಖೆ ತಿಳಿದಿದೆ. ಒಂದನೆಯ ತರಗತಿಯ ಮಟ್ಟಿಗೆ ಅದು ನಿಜವಲ್ಲ. ಜೂನ್ ತಿಂಗಳು ಮಕ್ಕಳ ಅಳುವಿನಲ್ಲಿಯೇ ಮುಗಿಯುತ್ತಿತ್ತು. ಮಳೆಗಾಲದಲ್ಲಿ ಕಾಲಿನ ಕೆಸರು ತೊಳೆಸುವುದೇ ಮೊದಲ ಪಾಠ. ಹೊಲದಲ್ಲಿ ಉದ್ದು, ಹೆಸರುಕಾಳಿನ ರಾಶಿ ಮುಗಿದ ಮೇಲಷ್ಟೇ ಮಕ್ಕಳು ಒಂದೆಡೆ ಕೂಡುವುದನ್ನು ಕಲಿಯುತ್ತಿದ್ದರು. ಅಕ್ಷರ ಕೈಗೆ ಹತ್ತುತ್ತಿದ್ದುದು ದಸರೆಯಿಂದ ದೀಪಾವಳಿಯವರೆಗೆ, ಬಿಸಿಲು ಮೆತ್ತಗಾಗಿ ಹೊಲಗಳಲ್ಲಿ ಜೋಳದ ಬಿತ್ತನೆ ನಡೆಯುವ ಆ ಕೆಲವೇ ವಾರಗಳಲ್ಲಿ. ನಾನು ಮೊದಲು ಕಲಿಸಿದ ಹಳ್ಳಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತಿದ್ದುದೂ ಅದೇ ವಾರಗಳ ಕೊನೆಯಲ್ಲಿ.

ತೊಂಬತ್ತರ ದಶಕದ ಕೊನೆಯ ಮಾತಿದು. ಬಸವಕಲ್ಯಾಣದಲ್ಲಿ ಹುಟ್ಟಿ ಬೆಳೆದ ನಾನು ಮೊದಲ ನೌಕರಿಗೆಂದು ಹುಮನಾಬಾದಿನಲ್ಲಿ ಒಂದು ಖೋಲಿ ಮಾಡಿಕೊಂಡಿದ್ದೆ. ದಿನವೂ ಚಿಟಗುಪ್ಪದ ಬಸ್ಸು ಹಿಡಿದು, ನಡುವೆ ಇಳಿದು, ತೊಗರಿ ಹೊಲಗಳ ಬದುವಿನ ಮೇಲೆ ನಡೆದು ಶಾಲೆ ಸೇರುತ್ತಿದ್ದೆ. ನನ್ನ ತರಗತಿಗೆ ನಿಯಮಗಳಿದ್ದವು. ಬಾಗಿಲಲ್ಲಿ ಸಾಲಾಗಿ ನಿಂತು ಅಂಗೈ ತೋರಿಸಿ ಒಳಗೆ ಬರಬೇಕು. ಪಾಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಉಗುಳಿನಿಂದ ಒರೆಸಬಾರದು. ಹೆಸರು ಕೂಗಿದಾಗ ‘ನಾನು ಬಂದಿದ್ದೇನೆ’ ಎಂದು ಕರ್ತೃಪದ, ಕ್ರಿಯಾಪದಗಳೆರಡೂ ಇರುವ ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕು.

“ಬಂದೀನ್ರಿ ಬಾಯಾರ ಅಂದ್ರ ಬಂದಂಗ ಆಗಲ್ಲೇನ್ರಿ?” ಎಂದು ಹಿಂದಿನ ಸಾಲಿನ ಹುಡುಗನೊಬ್ಬ ಕೇಳಿದ್ದ. ಶಿಕ್ಷಕಿಯರನ್ನು ಅಲ್ಲಿ ಕರೆಯುವುದು ಬಾಯಾರ ಎಂದೇ.

“ಆಗ್ತದ, ಅರ್ಧ ಬಂದಂಗ” ಎಂದಿದ್ದೆ. ಮರುದಿನ ಅವನು ಹೊಸ್ತಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಂತು ಬಂದೀನ್ರಿ ಎಂದ.

ಆ ವರ್ಷ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಎರಡನೆಯ ಸಲ ಒಂದನೆಯ ತರಗತಿಯಲ್ಲಿ ಕುಳಿತಿದ್ದಳು. ಅವಳ ತಂದೆ ತಾಯಿ ದೀಪಾವಳಿ ಮುಗಿದೊಡನೆ ಗಡಿಯಾಚೆ ಕಬ್ಬು ಕಡಿಯಲು ಹೋಗುವವರು. ಆ ಕೆಲಸದಲ್ಲಿ ಗಂಡ ಹೆಂಡತಿ ಸೇರಿ ಒಂದೇ ಆಳು. ಅವರು ಹಿಡಿಯುವ ಕತ್ತಿಯ ಹೆಸರಿನಿಂದಲೇ ಆ ಜೋಡಿಯನ್ನು ಒಂದು ‘ಕೊಯ್ತಾ’ ಎಂದು ಎಣಿಸುತ್ತಾರೆ. ಇಬ್ಬರೂ ನಸುಕಿನಲ್ಲಿಯೇ ಹೊಲಕ್ಕಿಳಿದರೆ ಜೋಪಡಿಯಲ್ಲಿ ಕೂಸನ್ನು ಹಿಡಿಯಲು ಒಬ್ಬರು ಬೇಕು. ಹಿಂದಿನ ವರ್ಷ ಆ ಒಬ್ಬಳು ಇವಳೇ ಆಗಿದ್ದಳು. ಕಲಿತ ಅಕ್ಷರಗಳೊಂದಿಗೆ ಹೋದವಳು ಬೇಸಿಗೆಯಲ್ಲಿ ತಂಗಿಯನ್ನು ಕಂಕುಳಲ್ಲಿಟ್ಟುಕೊಂಡು, ಅಕ್ಷರಗಳನ್ನೆಲ್ಲ ಮರೆತು ಮರಳಿದ್ದಳು.

ಈ ಸಲ ಅವಳು ದಸರೆಗೆ ಮುಂಚೆಯೇ ಎರಡು ಅಕ್ಷರಗಳನ್ನು ಕೂಡಿಸಿ ಓದತೊಡಗಿದ್ದಳು. ಬ, ಲ ಎಂದು ಬಿಡಿಬಿಡಿಯಾಗಿ ಹೇಳಿ, ಒಂದು ಗಳಿಗೆ ಸುಮ್ಮನಿದ್ದು, ಬಲ ಎಂದು ತನಗೆ ತಾನೇ ಅಚ್ಚರಿಪಡುತ್ತಿದ್ದಳು. ಆ ಹಂತ ಬಹಳ ನಾಜೂಕಿನದು. ಹೊಸ ಗಾರೆಗೆ ದಿನವೂ ನೀರು ಹೊಡೆಯದಿದ್ದರೆ ಅದು ಹೇಗೆ ಉದುರಿಹೋಗುತ್ತದೆಯೋ, ಹೊಸ ಓದೂ ಹಾಗೆಯೇ. ಈ ಚಳಿಗಾಲವೊಂದನ್ನು ಅವಳು ಶಾಲೆಯಲ್ಲಿ ಕಳೆದರೆ ಓದು ಅವಳದಾಗುತ್ತಿತ್ತು, ಕಳೆಯದಿದ್ದರೆ ಇಲ್ಲ. ದಸರೆಯ ರಜೆಗೆ ಮುಂಚೆ ನಾನು ಅವಳ ಮನೆಗೆ ಹೋಗಿ, ಅವಳನ್ನು ಅಜ್ಜಿಯ ಬಳಿ ಬಿಟ್ಟುಹೋಗಿರೆಂದು ಕೇಳಿಕೊಂಡೆ. ಅಜ್ಜಿ ಒಪ್ಪಿದರು. ತಾಯಿ, “ದಸರಾ ಆಗಲಿ, ಹೇಳ್ತೀವ್ರಿ” ಎಂದಳು. ಅಷ್ಟಕ್ಕೇ ನಾನು ಆಸೆ ಕಟ್ಟಿಕೊಂಡೆ.

ರಜೆಯ ಹಿಂದಿನ ದಿನ ಎಲ್ಲರ ಕೈಯಲ್ಲೂ ಪಾಟಿಯ ಎರಡೂ ಬದಿಗೆ ವರ್ಣಮಾಲೆ ಬರೆಸಿ, ದಿನವೂ ಅಳಿಸಿ ದಿನವೂ ಬರೆಯಬೇಕೆಂದು ಹೇಳಿ ಕಳಿಸಿದೆ.

ರಜೆ ಮುಗಿದು ಶಾಲೆ ತೆರೆದಾಗ ಅವಳು ಖಾಲಿ ಕೈಯಲ್ಲಿ ಬಂದು ಕುಳಿತಳು.

“ಪಾಟಿ ಎಲ್ಲಿ?” ಎಂದೆ.

“ದೇವ್ರ ಬಲ್ಲಿ ಅದರಿ.”

“ಬಾಯಾರ, ಆಕಿ ಪಾಟಿಗಿ ಅವರ ಆಯಿ ದಿನಾಲು ಊದಿನಕಡ್ಡಿ ಹಚ್ತಾಳ್ರಿ” ಎಂದ ಹಿಂದಿನ ಸಾಲಿನವನು. ಆಯಿ ಎಂದರೆ ಅವಳ ಅಜ್ಜಿ. “ಕಾಯಿ ಒಡದಿದ್ದು ನಾನೇ ನೋಡೀನ್ರಿ.”

“ಅಂವಗ ಕೊಬ್ರಿ ಕೊಟ್ಟಿಲ್ಲಂತ ಹೊಟ್ಟಿಕಿಚ್ಚದರಿ” ಎಂದಳು ಇವಳು, ತಿರುಗಿಯೂ ನೋಡದೆ.

ಸಂಜೆ ಅವಳ ಹಿಂದೆಯೇ ಮನೆಗೆ ಹೋದೆ. ಮಹಾನವಮಿಯಂದು ಅವರವರ ದುಡಿಮೆಯ ಸಾಧನವನ್ನು ದೇವರ ಜಗಲಿಗೇರಿಸಿ ಪೂಜಿಸುವುದು ನಮ್ಮ ಕಡೆಯ ಎಲ್ಲ ಮನೆಗಳ ಪದ್ಧತಿ. ಅಲ್ಲಿ ಕಬ್ಬು ಕಡಿಯುವ ಕೊಯ್ತಾ ಇತ್ತು. ಅದರ ಪಕ್ಕದಲ್ಲಿ, ವಿಭೂತಿ ಕುಂಕುಮ ಹಚ್ಚಿಸಿಕೊಂಡು, ಒಣಗಿದ ಚೆಂಡುಹೂವಿನ ಕೆಳಗೆ ಪಾಟಿ ಇತ್ತು. ಒಂದು ಅಕ್ಷರವೂ ಅಳಿಸಿರಲಿಲ್ಲ.

“ಬರ್ರಿ ಬಾಯಾರ, ಕುಂದರ್ರಿ. ಚಾ ಇಡ್ತೀನಿ” ಎಂದರು ಅಜ್ಜಿ.

ಹಿರಿಯರೆದುರು ನನ್ನ ವ್ಯಾಕರಣ ಹೊರಗೇ ನಿಲ್ಲುತ್ತಿತ್ತು. ಬಾಯಿಗೆ ಬರುತ್ತಿದ್ದುದು ಮನೆಯ ಮಾತು. “ಚಾ ಇರ್ಲಿರಿ ಆಯಿ. ಆ ಪಾಟಿ ಕೊಡ್ರಿ. ಪೋರಿಗಿ ಬರೀಲಾಕ ಬೇಕು.”

“ಅದ್ಹ್ಯಾಂಗ ಕೊಡ್ಲಿರಿ? ಪೂಜಾ ಆಗ್ಯದ. ಅದ್ರಾಗ ಸರಸ್ವತಿ ಕುಂತಾಳ. ಅಳಸಿದ್ರ ಪಾಪ ಯಾರಿಗಿ?”

“ನಾ ದಿನಾ ಬೋರ್ಡ್ ಅಳಸ್ತೀನಲ್ರಿ. ನನಗ ಪಾಪ ಹತ್ತ್ಯದೇನು?”

“ನೀವು ಕಲ್ತವರು, ನಿಮಗ ನಡೀತದ. ನಮ್ಮ ಮನ್ಯಾಗ ಅಕ್ಷರ ಬಂದಿದ್ದು ಇದೇ ಮೊದಲ್ರಿ.”

ನಾನು ಕೊಯ್ತಾದ ಕಡೆಗೆ ಕೈ ತೋರಿಸಿದೆ. “ಅದಕ್ಕೂ ಪೂಜಾ ಆಗ್ಯದಲ್ರಿ. ಅದನ್ನ ತಗೀತೀರಿ, ಇಲ್ಲೋ?”

“ಅದು ದುಡಿಯಾದರಿ.”

“ಪಾಟೀನೂ ದುಡಿಯಾದೇ ಆಯಿ.”

ಅಜ್ಜಿ ನನ್ನನ್ನು ಮರುಕದಿಂದ ನೋಡಿದರು. ಒಳ್ಳೆಯ ಮನೆಯ ಹುಡುಗಿ ಹೀಗೆ ಮಾತಾಡಬಾರದಿತ್ತು ಎಂಬಂತೆ. ಚಹಾ ಬಂತು. ಪಾಟಿ ಬರಲಿಲ್ಲ.

ಶಾಲೆಯ ಕಪಾಟಿನಲ್ಲಿ ಅಂಚು ಒಡೆದ ಪಾಟಿಯೊಂದಿತ್ತು. ಅದನ್ನೇ ಅವಳಿಗೆ ಕೊಟ್ಟೆ. ಉಳಿದವರು ಹುಣಸೆಬೀಜಗಳನ್ನು ಅಕ್ಷರದ ಗೆರೆಯ ಮೇಲೆ ಜೋಡಿಸುತ್ತಿರುವಾಗ ನಾನು ಅವಳನ್ನು ಪಕ್ಕಕ್ಕೆ ಕರೆದು ಕೂಡಿಸಿ ಓದಿಸುತ್ತಿದ್ದೆ. ಅವಳೊಂದಿಗೆ ಬರುತ್ತಿದ್ದ ತಂಗಿ ಗೋಣಿತಟ್ಟಿನ ಮೇಲೆ ಬಳಪ ಚೀಪುತ್ತಾ ಕುಳಿತಿರುತ್ತಿತ್ತು. ಮೂರಕ್ಷರದ ಪದಗಳು ಬಂದವು. ಒಂದು ದಿನ ಅವಳು ‘ಕಮಲ’ವನ್ನು ಎಲ್ಲಿಯೂ ನಿಲ್ಲದೆ ಓದಿದಳು. ಇನ್ನು ಬೇಕಾಗಿದ್ದುದು ಕಾಲವೊಂದೇ.

ದೀಪಾವಳಿಯ ಪಾಡ್ಯ ಕಳೆದ ಮರುದಿನ, ಬಸ್ಸಿಳಿದು ಬರುತ್ತಿದ್ದಾಗ ಊರ ಮುಂದೆ ಟ್ರ್ಯಾಕ್ಟರು ನಿಂತಿರುವುದು ಕಂಡಿತು. ಹಾಸಿಗೆಯ ಸುರುಳಿಗಳು, ಕೊಡಗಳು, ಜೋಳದ ಚೀಲಗಳ ನಡುವೆ ತಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕುಳಿತಿದ್ದಳು. ತಾಯಿ ಕೆಳಗೆ ನಿಂತು ಇನ್ನೊಂದು ಗಂಟನ್ನು ಮೇಲಕ್ಕೆ ಕೊಡುತ್ತಿದ್ದಳು.

“ಆಕಿಗಿ ಬಿಡಾದು ದಸರಾ ಆದ ಮ್ಯಾಲ ಹೇಳ್ತೀವಿ ಅಂದಿದ್ರಲ್ಲವಾ” ಎಂದೆ.

“ಅಂದಿದ್ದು ಖರೇರಿ. ಆದ್ರ ಈಗ ಕಲ್ತು ಮುಗೀತಲ್ರಿ. ಪಾಟಿ ತುಂಬ ಬರದಾಳ, ದೇವ್ರಿಗೂ ಒಪ್ಪಿಸೀವಿ. ಇನ್ನ ಫಿಕರ್ ಏನದರಿ?”

“ಕಲ್ತು ಮುಗದಿಲ್ಲ, ಈಗ ಸುರು ಆಗ್ಯದ. ಬಿಟ್ರ ಮರೀತಾಳ.”

ತಾಯಿ ನಕ್ಕಳು, ಕೊಂಕಿರಲಿಲ್ಲ. “ಬಾಯಾರ, ನಾ ಒಂದ ಸಲ ರೊಟ್ಟಿ ಬಡಿಯಾದು ಕಲ್ತೀನಿ. ಮತ್ತ ಮರ್ತೀನೇನ್ರಿ?”

“ನೀ ದಿನಾ ಬಡಿತೀಯಲ್ಲವಾ.”

“ಇಕಿನೂ ದಿನಾ ಅಕ್ಷರ ಬಾಯ್ಲೇ ಅಂತಾಳ ತಗೋರಿ. ಅಂತೀ ಇಲ್ಲೇನೆ?”

ಹುಡುಗಿ ಮೇಲಿನಿಂದ ತಲೆಯಾಡಿಸಿದಳು. ಮಾತು ಬೆಳೆಸಲು ಚಾಲಕ ಬಿಡಲಿಲ್ಲ. “ಬಾಯಾರ, ಜರಾ ಬಾಜೂಕ ಸರೀರಿ” ಎಂದು ಇಂಜಿನ್ ಸುರು ಮಾಡಿದ.

ಅವಳ ತಾಯಿಗೆ ವಿದ್ಯೆಯ ಬಗ್ಗೆ ಅಸಡ್ಡೆಯಿದ್ದಿದ್ದರೆ ನಾನು ಜಗಳವಾಡಬಹುದಿತ್ತು. ಅವರ ಮನೆಯಲ್ಲಿ ಅಕ್ಷರಕ್ಕೆ ಸಿಕ್ಕ ಮರ್ಯಾದೆ ನನ್ನ ತರಗತಿಯಲ್ಲಿ ಎಂದೂ ಸಿಕ್ಕಿರಲಿಲ್ಲ. ಅಷ್ಟು ಭಕ್ತಿಯೊಡನೆ ವಾದಿಸುವ ಭಾಷೆ ನನಗೆ ಗೊತ್ತಿರಲಿಲ್ಲ. ಎರಡು ಸಾವಿರದ ಇಸವಿಯ ನಂತರ ಬಸವಕಲ್ಯಾಣದ ಹತ್ತಿರದ ಶಾಲೆಗೆ ವರ್ಗವಾಗಿ ಹೋದೆ. ಅಲ್ಲಿ ಪಾಟಿಯ ಬದಲು ನೋಟುಬುಕ್ಕುಗಳಿದ್ದವು, ಮಧ್ಯಾಹ್ನದ ಬಿಸಿಯೂಟವಿತ್ತು. ದೀಪಾವಳಿಯ ಮರುವಾರ ಸಾಲುಗಳು ಅಲ್ಲಿಯೂ ಹಾಗೆಯೇ ಖಾಲಿಯಾಗುತ್ತಿದ್ದವು. ಉಳಿದ ಮಕ್ಕಳನ್ನು ಮುಂದಕ್ಕೆ ಸರಿಸಿ ಕೂಡಿಸಿ ನಾನು ಗುಣಿತಾಕ್ಷರ ಆರಂಭಿಸುತ್ತಿದ್ದೆ. ಹೋದವರು ಮರಳಿ ಬರುವ ಹೊತ್ತಿಗೆ ಆ ಪಾಠ ಮುಗಿದಿರುತ್ತಿತ್ತು.

ನನಗೆ ವರ್ಗವಾಗುವ ಮುಂಚೆ, ಆ ಟ್ರ್ಯಾಕ್ಟರು ಹೋದ ಮರುವರ್ಷದ ಜೂನಿನಲ್ಲಿ, ಆ ಹುಡುಗಿಯ ತಾಯಿ ತಾನಾಗಿಯೇ ಅವಳನ್ನು ಶಾಲೆಗೆ ಕರೆತಂದಳು. ಹುಡುಗಿ ಎತ್ತರವಾಗಿದ್ದಳು, ಕಪ್ಪಾಗಿದ್ದಳು.

“ಕೇಳ್ರಿ ಬಾಯಾರ, ಒಂದೂ ಮರ್ತಿಲ್ಲ. ಹೇಳು.”

ಅವಳು ಕೈಕಟ್ಟಿ ನಿಂತು ಅಕಾರದಿಂದ ಳಕಾರದವರೆಗೆ ಒಂದೂ ತಪ್ಪದಂತೆ ಒಪ್ಪಿಸಿದಳು. ಸ್ವರ ಸ್ಪಷ್ಟವಾಗಿತ್ತು, ಮಹಾಪ್ರಾಣಗಳು ಕೂಡ ಸರಿಯಾಗಿದ್ದವು. ತಾಯಿಯ ಮುಖ ಅರಳಿತು. ನಾನು ಬೋರ್ಡಿನ ಮೇಲೆ ‘ಮ’ ಎಂದು ಬರೆದು, ಇದು ಯಾವುದು ಎಂದು ಕೇಳಿದೆ. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಬಳಿಕ ಕಣ್ಣು ಮುಚ್ಚಿ ಮತ್ತೆ ಅಕಾರದಿಂದ ಸುರು ಮಾಡಿದಳು. ಮಕಾರ ನಾಲಿಗೆಯ ಮೇಲೆ ಬಂತು, ದಾಟಿ ಹೋಯಿತು. ಅವಳು ನಿಲ್ಲಲಿಲ್ಲ.

“ನೋಡಿದ್ರಿಲ್ರಿ?” ಎಂದಳು ತಾಯಿ. “ಎಲ್ಲಾ ಬರ್ತದ.”

“ಬರ್ತದ. ಆದ್ರೂ ನಾಳಿಂದ ಕಳಸ್ರಿ. ಇನ್ನೊಂದ ವರ್ಷ ಇಲ್ಲೇ ಕುಂದ್ರಲಿ.”

ಉತ್ತರ ಕೊಟ್ಟವಳು ಹುಡುಗಿ. “ನಂದು ಮುಗೀತಲ್ರಿ ಬಾಯಾರ” ಎಂದಳು, ನನಗೇ ಇದು ತಿಳಿಯದಿದ್ದುದಕ್ಕೆ ಸ್ವಲ್ಪ ಬೇಸರಗೊಂಡವಳಂತೆ. ತಂಗಿ ಅಂಗಳದಲ್ಲಿ ಅಳುತ್ತಿತ್ತು. ಅವಳು ಹೋಗಿ ಅದನ್ನು ಎತ್ತಿಕೊಂಡಳು. ತಾಯಿ ನನಗೆ ಕೈಮುಗಿದು ಅವಳ ಹಿಂದೆ ನಡೆದಳು. ಬಾಗಿಲಲ್ಲಿ ಹೊಸ ಮಕ್ಕಳು ಅಂಗೈ ಚಾಚಿ ನಿಂತಿದ್ದರು.